ಮುಚ್ಚಲೇ?

ಪಡುವಲ ಗಣಿಯ ಜನ ಯಾವುದನ್ನೂ ಒಂದೇ ಸಲ ಕೇಳಿ ಬಿಡುವವರಲ್ಲ. ಊಟಕ್ಕೆ ಕೂತವನಿಗೆ ಇನ್ನೊಂದು ರೊಟ್ಟಿ ಹಾಕಲೇ ಎನ್ನುತ್ತಾರೆ. ಅವನು ಹೂಂ ಎಂದರೆ ಖರೇನ ಹಾಕಲೇ ಎನ್ನುತ್ತಾರೆ. ಮದುವೆಯಲ್ಲಿ ಹುಡುಗಿಯ ಒಪ್ಪಿಗೆಯನ್ನು ಎಲ್ಲರೆದುರು ಎರಡೆರಡು ಸಲ ಕೇಳುತ್ತಾರೆ. ಇದೇನೂ ಮುತ್ತಜ್ಜರ ಕಾಲದಿಂದ ಬಂದ ಸಂಸ್ಕಾರವಲ್ಲ, ಯಂತ್ರದಿಂದ ಅಂಟಿಕೊಂಡ ಚಾಳಿ. ಮನುಷ್ಯ ಯಾರ ಜೊತೆ ಹೆಚ್ಚು ಹೊತ್ತು ಕೂರುತ್ತಾನೋ ಅವರ ಹಾಗೆಯೇ ಆಗುತ್ತಾನೆ, ಅದು ಯಂತ್ರವಾದರೇನು.

ನೆಲದ ಮೇಲಿನ ಬಿಸಿಲು ಬದುಕಲು ಬಿಡದೆ ಹೋದಾಗ ರಾಯಚೂರು ಸೀಮೆಯ ಜನ ಚಿನ್ನ ಮುಗಿದುಹೋದ ಹಳೆಯ ಗಣಿಗಳಿಗೆ ಇಳಿದರು. ಸುರಂಗಗಳು ಓಣಿಗಳಾದವು, ಓಣಿಗಳಿಗೆ ಹೆಸರು ಬಂತು. ಮೇಲಿನ ಗಾಳಿಯನ್ನು ಎಳೆದು ತಣಿಸಿ ಓಣಿ ಓಣಿಗೆ ಹಂಚುವ ಕೆಲಸ ಯಂತ್ರದ್ದಾಯಿತು. ಮೊದಮೊದಲು ಆ ಯಂತ್ರಗಳ ಜೊತೆ ಬಾಯಲ್ಲೇ ಮಾತಾಡುತ್ತಿದ್ದರು. ಯಾರೋ ಕಿಡಿಗೇಡಿಗಳು ಸತ್ತುಹೋದ ಮೇಲ್ವಿಚಾರಕನ ದನಿಯನ್ನು ನಕಲು ಮಾಡಿ, ಆ ದನಿಯಲ್ಲಿ ಆಜ್ಞೆ ಕೊಟ್ಟು ಇಡೀ ಒಂದು ಊರಿನ ಉಸಿರು ನಿಲ್ಲಿಸಿದ ಮೇಲೆ ಕಾನೂನು ಬಂತು. ಪ್ರಾಣಕ್ಕೆ ಸಂಬಂಧಪಟ್ಟ ಯಾವ ಯಂತ್ರವೂ ದನಿ ಕೇಳಕೂಡದು, ಮುಖ ನೋಡಕೂಡದು. ಕೀಲಿಮಣೆಯ ಮುಂದೆ ಕೂತ ಮನುಷ್ಯ ಟೈಪ್ ಮಾಡಿದ ಅಕ್ಷರವನ್ನು ಮಾತ್ರ ನಂಬಬೇಕು. ದನಿಯನ್ನೇ ನಂಬುವ ಹಾಗಿಲ್ಲವೆಂದ ಮೇಲೆ ಫೋನೂ ಹೋಯಿತು. ಮುತ್ತಾತಂದಿರ ಕಾಲದ ಕಪ್ಪು ಪರದೆ, ಮಿಣುಕುವ ಗೆರೆ, ಒಂದೊಂದೇ ಸಾಲಿನ ಆಜ್ಞೆ, ಎಲ್ಲ ತಿರುಗಿ ಬಂದವು.

ಆದರೆ ಆ ಹಳೆಯ ಕಾಲದಲ್ಲೂ ಯಂತ್ರಗಳಿಗೆ ಒಂದೇ ಮನೆತನವಿರಲಿಲ್ಲ. ಒಂದು ಮನೆತನ ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ಹುಟ್ಟಿದ್ದು. ಅಲ್ಲಿ ಕೂರುವವರೆಲ್ಲ ಪಂಡಿತರು, ಟೈಪ್ ಮಾಡುವ ಯಂತ್ರವೋ ಬಲು ನಿಧಾನ. ಆದ್ದರಿಂದ ಆಜ್ಞೆಗಳು ಎರಡಕ್ಷರದವು, ಉತ್ತರ ಅದಕ್ಕಿಂತ ಕಡಿಮೆ. ಹೇಳಿದ್ದನ್ನು ಮಾಡಿ ಸುಮ್ಮನಿರುವುದೇ ಅದರ ಮರ್ಯಾದೆ. ಇನ್ನೊಂದು ಮನೆತನ ಮನೆಮನೆಯ ಮೇಜಿನ ಮೇಲೆ ಬೆಳೆದದ್ದು. ಕೂರುವವರು ಅಂಗಡಿಯವರು, ಗುಮಾಸ್ತರು, ಶಾಲೆಯ ಮಕ್ಕಳು. ಇವರು ಎಲ್ಲಿ ಎಡವಟ್ಟು ಮಾಡಿಕೊಳ್ಳುತ್ತಾರೋ ಎಂದು ಅಂಜಿ, ಏನನ್ನಾದರೂ ಅಳಿಸುವ ಮೊದಲು ಅದು ‘ಖಚಿತವೇ?’ ಎಂದು ಕೇಳುತ್ತಿತ್ತು. ಆಜ್ಞೆಗೂ ಹೆಸರಿಗೂ ನಡುವೆ ಹಾಕುವ ಓರೆಗೆರೆ ಕೂಡ ಒಂದರದ್ದು ಬಲಕ್ಕೆ ವಾಲಿದರೆ ಇನ್ನೊಂದರದ್ದು ಎಡಕ್ಕೆ.

ಮೂಡಲ ಗಣಿಯವರು ಮೊದಲನೆಯ ಮನೆತನದ ಯಂತ್ರ ಇಟ್ಟುಕೊಂಡರು, ಪಡುವಲದವರು ಎರಡನೆಯದು. ಪಡುವಲದವರು ಮೂಡಲದ ಯಂತ್ರವನ್ನು ಮೂಗಪ್ಪ ಎಂದು ಕರೆದರು. ಮೂಡಲದವರು ಪಡುವಲದ್ದನ್ನು ಮಾತಿನಮಲ್ಲಿ ಎಂದು ಆಡಿಕೊಂಡು ಮೂಗು ಮುರಿದರು.

ಹುಲಿಗೆಮ್ಮ ಈ ಮಾತಿನಮಲ್ಲಿಯ ಮುಂದೆ ಕೂತೇ ತಲೆ ನರೆಸಿಕೊಂಡವಳು. ಗಾಳಿ ಕೋಣೆಯ ಕೆಲಸಕ್ಕೆ ಸೇರಿದಾಗ ಮೈನೆರೆದ ಹುಡುಗಿ, ಈಗ ಅಜ್ಜಿಯಾಗಲು ತಯಾರಾದವಳು. ಅವಳ ಒಬ್ಬಳೇ ಮಗಳು ಶಿವಲೀಲಾ ನೇಕಾರ ಓಣಿಗೆ ಸೊಸೆಯಾಗಿ ಹೋಗಿ ತುಂಬು ಬಸುರಿಯಾಗಿದ್ದಳು.

ಓಣಿ ಮುಚ್ಚುವುದೆಂದರೆ ಏನೆಂದು ಇಲ್ಲಿ ಹೇಳಬೇಕು. ಸುರಂಗದಲ್ಲಿ ಬೆಂಕಿ ಬಿದ್ದರೆ ಹೊಗೆ ಊರನ್ನೆಲ್ಲ ನುಂಗಿಬಿಡುತ್ತದೆ. ಅದಕ್ಕೆ ಆ ಓಣಿಯ ಎರಡೂ ತುದಿಯ ಕಬ್ಬಿಣದ ಬಾಗಿಲು ಹಾಕಿ, ಒಳಗೆ ಸಾರಜನಕ ತುಂಬುವ ಏರ್ಪಾಡಿತ್ತು. ಸಾರಜನಕ ತುಂಬಿದ ಕಡೆ ಬೆಂಕಿ ಬದುಕುವುದಿಲ್ಲ. ಮನುಷ್ಯನೂ ಬದುಕುವುದಿಲ್ಲ, ನಾಲ್ಕು ಉಸಿರು ಎಳೆಯುವುದರೊಳಗೆ ನಿದ್ದೆ ಬಂದವರ ಹಾಗೆ ಕುಸಿಯುತ್ತಾನೆ. ಆದ್ದರಿಂದ ಪಡುವಲದಲ್ಲಿ ಯಾರಾದರೂ ‘ಮುಚ್ಚು’ ಎಂದು ಟೈಪ್ ಮಾಡಿ ಓಣಿಯ ಹೆಸರು ಹಾಕಿದರೆ ಮಾತಿನಮಲ್ಲಿ ಮೊದಲು, ಬಾಗಿಲು ದಾಟಿದವರ ಲೆಕ್ಕವಿಡುವ ತಂತಿಯಿಂದ, ಓಣಿಯೊಳಗಿನ ತಲೆ ಎಣಿಸುತ್ತಿದ್ದಳು. ‘ಈ ಓಣಿಯಲ್ಲಿ ಇಷ್ಟು ಜನ ಇದ್ದಾರೆ. ಮುಚ್ಚಲೇ? ಹೂಂ / ಬೇಡ’ ಎಂದು ಬರೆದು ಕಾಯುತ್ತಿದ್ದಳು. ‘ಬ’ ಒತ್ತಿದರೆ ಸರಿ, ಏನೂ ಆಗುತ್ತಿರಲಿಲ್ಲ.

ಇಲ್ಲಿಂದಲೇ ಪಡುವಲದ ಗಾಳಿ ಕೋಣೆಯಲ್ಲಿ ಒಂದು ರೂಢಿ ಬೆಳೆದಿತ್ತು. ಜನ ಎಷ್ಟಿದ್ದಾರೆಂದು ತಿಳಿಯಲು ಬೇರೆಯೇ ಒಂದು ಆಜ್ಞೆ ಇತ್ತು, ಗಜದುದ್ದದ್ದು. ಅದನ್ನು ಟೈಪ್ ಮಾಡುವ ತಾಳ್ಮೆ ಯಾರಿಗೂ ಇರಲಿಲ್ಲ. ಮುಚ್ಚು ಎನ್ನುವುದು, ಅವಳು ಎಣಿಸಿ ಹೇಳಿದ್ದನ್ನು ಓದಿಕೊಳ್ಳುವುದು, ಬೇಡ ಎನ್ನುವುದು. ಇದೇ ಸುಲಭದ ದಾರಿ. ಹೊಸಬರಿಗೆ ಹಿರಿಯರೇ ಇದನ್ನು ಹೇಳಿಕೊಡುತ್ತಿದ್ದರು. ಯಾರ ಮನೆಗೆ ನೆಂಟರು ಬಂದರು, ಯಾವ ಓಣಿಯಲ್ಲಿ ಪಂಚಾಯಿತಿ ಸೇರಿದೆ, ಎಲ್ಲ ಹೀಗೇ ಗೊತ್ತಾಗುತ್ತಿತ್ತು. ಕೊಲ್ಲುವ ಆಜ್ಞೆಯನ್ನು ಯೋಗಕ್ಷೇಮ ವಿಚಾರಿಸಲು ಬಳಸಿಕೊಂಡ ಜನ ಬೇರೆಲ್ಲೂ ಇರಲಾರರು. ಹುಲಿಗೆಮ್ಮನಂತೂ ದಿನಾ ಕೆಲಸಕ್ಕೆ ಕೂತ ಕೂಡಲೇ ನೇಕಾರ ಓಣಿಗೆ ಮುಚ್ಚು ಅನ್ನುವಳು. ತಲೆ ಕಡಿಮೆಯಾಗಿಲ್ಲ ಎಂದು ನೋಡಿ, ಮಗಳು ಮನೆಯಲ್ಲಿ ಸುಖವಾಗಿದ್ದಾಳೆ ಎಂದು ಸಮಾಧಾನಪಟ್ಟು, ‘ಬ’ ಒತ್ತುವಳು. ಆಮೇಲೆಯೇ ಚಹಾ.

ಆ ಮಾತಿನಮಲ್ಲಿ ಒಂದು ದಿನ ಬಾಯಿ ಮುಚ್ಚಿದಳು. ಹಳೆಯ ಡಿಸ್ಕುಗಳು ಒಂದರ ಹಿಂದೊಂದು ಕೈಕೊಟ್ಟವು, ಅಂಥವು ಇನ್ನೆಲ್ಲೂ ಸಿಗುವ ಹಾಗಿರಲಿಲ್ಲ. ಪಡುವಲದ ಬಾಗಿಲುಗಳನ್ನೆಲ್ಲ ಅವಸರವಸರವಾಗಿ ಮೂಡಲದ ಯಂತ್ರಕ್ಕೆ ಜೋಡಿಸಿದರು. ಪಡುವಲದ ಗಾಳಿಯವರು ಗಂಟುಮೂಟೆ ಕಟ್ಟಿಕೊಂಡು ಮೂಡಲದ ಕೋಣೆಗೆ ಹೋಗಿ ಕೂರಬೇಕಾಯಿತು.

ಅಲ್ಲಿಯ ಮುಖ್ಯಸ್ಥ ವಿರೂಪಾಕ್ಷಯ್ಯ. ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಕತ್ತರಿ. ಬಂದವರಿಗೆಲ್ಲ ಒಂದೊಂದು ರಟ್ಟಿನ ಚೀಟಿ ಕೊಟ್ಟ. ಅದರಲ್ಲಿ ಎಡಗಡೆ ಅವರ ಹಳೆಯ ಆಜ್ಞೆ, ಬಲಗಡೆ ಇಲ್ಲಿಯದು. ‘ತೆರೆ’ ಅನ್ನುವುದು ಇಲ್ಲಿ ‘ತೆ’. ‘ಮುಚ್ಚು’ ಅನ್ನುವುದು ಇಲ್ಲಿ ಬರೀ ‘ಮು’.

“ಇದು ನಿಮ್ಮನ್ನ ಏನೂ ಕೇಳಂಗಿಲ್ಲ,” ಎಂದ. “ಹೇಳಿದ್ದು ಮಾಡತೈತಿ, ಮಾಡಿ ಸುಮ್ಮನಿರತೈತಿ. ಏನರ ಬಾಯಿ ಬಿಟ್ಟಿತು ಅಂದ್ರ ನೀವು ತಪ್ಪು ಮಾಡೀರಿ ಅಂತ ತಿಳಕೊಳ್ರಿ.” ಹಾಗೆಂದು ಎಲ್ಲರೆದುರು ಒಂದು ಕಡತವನ್ನು ಅಳಿಸಿ ತೋರಿಸಿದ. ಪರದೆಯ ಮೇಲೆ ಮಿಣುಕುವ ಗೆರೆ ಕೆಳಗಿನ ಸಾಲಿಗೆ ಇಳಿಯಿತು, ಅಷ್ಟೇ. ಪಡುವಲದವರು ಮುಖ ಮುಖ ನೋಡಿಕೊಂಡರು.

ಹುಲಿಗೆಮ್ಮ ಎದ್ದು ನಿಂತಳು. “ಸರ, ಬಾಗಲಾ ಮುಚ್ಚೂವಾಗರ ಒಂದು ಮಾತು ಕೇಳೂ ಹಂಗ ಮಾಡಾಕ ಬರಂಗಿಲ್ಲೇನ್ರಿ?”

“ಬರತೈತಿ. ಒಂದು ಸಾಲು ಬರದ್ರ ಮುಗೀತು.”

“ಹಂಗಾದ್ರ ಬರದುಬಿಡ್ರಲ್ಲ. ನಮಗ ಅದು ರೂಢಿ ಆಗೇತಿ.”

“ಬರಿಯಂಗಿಲ್ಲ. ಬೆಂಕಿ ಬಿದ್ದಾಗ ಯಂತ್ರ ನಿಮ್ಮನ್ನ ಕೇಳಕೋತ ಕುಂತ್ರ ಊರು ಸುಡತೈತಿ. ಕೀಲಿಮಣಿ ಮ್ಯಾಲ ಕೈ ಇಡೂಕಿಂತ ಮೊದಲ ತಲಿ ಓಡಸ್ರಿ. ನಿಮ್ಮ ಮಾತಿನಮಲ್ಲಿ ಇಷ್ಟು ವರ್ಷ ನಿಮ್ಮನ್ನ ತೊಟ್ಟಲಾಗ ಹಾಕಿ ತೂಗ್ಯಾಳ. ಇನ್ನ ಇಳೀರಿ.”

ಮೂಡಲದವರೆಲ್ಲ ಗೊಳ್ಳೆಂದು ನಕ್ಕರು. ಹುಲಿಗೆಮ್ಮ ಕೂತಳು. ಅವಮಾನದಿಂದ ಅವಳ ಕಿವಿ ಕಾದಿತ್ತು. ಅವನ ಮಾತಿನಲ್ಲಿ ನ್ಯಾಯವೂ ಇತ್ತು ಎನ್ನುವುದೇ ಅವಳಿಗೆ ಹೆಚ್ಚು ಚುಚ್ಚಿತು. ಅವಳು ಚೀಟಿಯನ್ನು ಬಾಯಿಪಾಠ ಮಾಡಿದಳು. ಪದಗಳನ್ನು ಮಾತ್ರ. ರೂಢಿಯನ್ನು ಯಾವ ಚೀಟಿಯಲ್ಲೂ ಬರೆದಿರಲಿಲ್ಲ.

ಮನೆಯಲ್ಲಿ ಮಾತ್ರ ಹಬ್ಬದ ಕಳೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಭೂಮಿಯ ಒಳಗೆ ಬಂದರೇನು, ಹೊರಗಿದ್ದರೇನು. ಹುಲಿಗೆಮ್ಮನ ಗಂಡ ದುರುಗಪ್ಪ ಅಣಬೆ ಮಡಿಗಳಲ್ಲಿ ಕೆಲಸ ಮಾಡುವವನು. ಅವನು ಒಂದು ಕೈಗಾಡಿಗೆ ಹಾಸಿಗೆ ಹಾಸಿ, ದಿಂಬು ಕಟ್ಟಿ, ಮಗಳಿಗೆ ಕುಲುಕು ತಾಗದ ಹಾಗೆ ಚಕ್ರಕ್ಕೆ ಹಳೆಯ ರಬ್ಬರು ಸುತ್ತಿದ್ದ.

“ಇವತ್ತ ಕರಕೊಂಡ ಬರ್ತೀನಿ,” ಎಂದ ಬೆಳಿಗ್ಗೆ. “ಬೀಗತಿ ಏನರ ತಕರಾರು ತಗದ್ಲಂದ್ರ ಕಾಲಿಗೆ ಬೀಳತೀನಿ.”

“ಬೀಳೂದೇನೂ ಬ್ಯಾಡ. ಕೂಸಿಗೆ ತ್ರಾಸ ಆಗದಂಗ ಸಾವಕಾಶ ತರ್ರಿ ಅಷ್ಟ. ಖರೇನ ಸಾವಕಾಶ ತರ್ತೀರಿಲ್ಲೋ?”

“ಎರಡೆರಡು ಸಲ ಕೇಳಬ್ಯಾಡ ಮಾರಾಯ್ತಿ, ಈಗ ಮೂಡಲದಾಕಿ ಆಗೀ ನೀನು,” ಎಂದು ದುರುಗಪ್ಪ ನಗುತ್ತ ಗಾಡಿ ತಳ್ಳಿಕೊಂಡು ಹೊರಟ. ಹುಲಿಗೆಮ್ಮ ಬಾಣಂತಿ ಕೋಣೆಗೆ ಇನ್ನೊಂದು ಸಲ ಕಸ ಹೊಡೆದು ಕೆಲಸಕ್ಕೆ ಹೋದಳು.

ಕಲಿಕೆ ಮುಗಿದ ಮೇಲೆ ಅದು ಅವಳ ಮೊದಲ ಪಾಳಿ, ಪಡುವಲದವರಲ್ಲಿ ಆ ಪಾಳಿಗಿದ್ದವಳು ಅವಳೊಬ್ಬಳೇ. ಮೂಡಲದ ಕೋಣೆಯಲ್ಲಿ ಅಂದು ಹೇಳಿಕೊಳ್ಳುವ ಕೆಲಸವೇನೂ ಇರಲಿಲ್ಲ. ಪರದೆ ಮಿಣುಕುತ್ತಿತ್ತು. ಹುಲಿಗೆಮ್ಮನ ಜೀವವೆಲ್ಲ ಆ ಗಾಡಿಯ ಹಿಂದೆಯೇ ಇತ್ತು. ಹೊರಟರೋ ಇಲ್ಲವೋ? ಬೀಗತಿ ಬಿಟ್ಟಳೋ ಇಲ್ಲವೋ? ಹೊರಟಿದ್ದರೆ ಓಣಿಯಲ್ಲಿ ಒಂದು ತಲೆ ಕಡಿಮೆ ಇರಬೇಕಲ್ಲ. ನೋಡಿಬಿಡೋಣ ಅಂದುಕೊಂಡಳು. ಅವಳ ಪಾಲಿಗೆ ಮುಚ್ಚು ಎನ್ನುವುದು ಎಣಿಸು ಎನ್ನುವುದರ ಇನ್ನೊಂದು ಹೆಸರೇ ಆಗಿತ್ತು, ವಿರೂಪಾಕ್ಷಯ್ಯನ ಎಚ್ಚರಿಕೆ ಆಗ ನೆನಪಿಗೇ ಬರಲಿಲ್ಲ.

ಮುಚ್ಚು ಎಂದು ಮನಸ್ಸಿಗೆ ಬಂದದ್ದನ್ನು ಬೆರಳು ‘ಮು’ ಎಂದು ತಿದ್ದಿತು. ಓರೆಗೆರೆಯನ್ನು ಬಲಕ್ಕೆ ವಾಲಿಸಿತು. ನೇಕಾರ ಎಂದು ಬರೆದು ಎಂಟರ್ ಒತ್ತಿತು. ಬೆನ್ನು ತಟ್ಟಬೇಕು, ಅಷ್ಟು ಚೊಕ್ಕವಾಗಿ ಕಲಿತಿದ್ದಳು.

ಗೆರೆ ಕೆಳಗಿನ ಸಾಲಿಗೆ ಇಳಿಯಿತು. ಎಣಿಕೆ ಬರಲಿಲ್ಲ, ಪ್ರಶ್ನೆ ಬರಲಿಲ್ಲ. ಹುಲಿಗೆಮ್ಮ ‘ಬ’ ಒತ್ತಲು ಬೆರಳು ಎತ್ತಿ ಕಾದಳು. ಎಲ್ಲಿ ತಪ್ಪಿದೆನಪ್ಪಾ ಎಂದು ಚೀಟಿ ನೋಡಿದಳು. ತಪ್ಪಿರಲಿಲ್ಲ. ಮತ್ತೊಮ್ಮೆ, ಒಂದೊಂದೇ ಅಕ್ಷರ ನೋಡಿ ನೋಡಿ, ಅದನ್ನೇ ಬರೆದಳು. ಮತ್ತೆ ಏನೂ ಇಲ್ಲ. ನೇಕಾರ ಓಣಿಯ ಎಣಿಸುವ ತಂತಿಯನ್ನು ಇನ್ನೂ ಜೋಡಿಸಿಲ್ಲವೇನೋ, ಬೇರೆ ಓಣಿಯದಾದರೂ ಹೇಳುತ್ತದೋ ನೋಡೋಣ ಎಂದು ಪಕ್ಕದ ಬಳೆಗಾರ ಓಣಿಯ ಹೆಸರು ಹಾಕಿದಳು. ಅದೂ ಇಲ್ಲ. ಕುಂಬಾರ ಓಣಿಯದು ಹಾಕಿದಳು.

“ಏನ್ ಮೂಗಪ್ಪನೋ ಏನೋ,” ಎಂದು ಬೈದುಕೊಂಡಳು.

ಗಂಟೆ ಬಾರಿಸಲಿಲ್ಲ. ಕೆಂಪು ದೀಪ ಹತ್ತಲಿಲ್ಲ. ಆ ಮನೆತನದ ಯಂತ್ರ ಕೂಗುವುದು ಏನಾದರೂ ಕೆಟ್ಟಾಗ ಮಾತ್ರ. ಇಲ್ಲಿ ಏನೂ ಕೆಟ್ಟಿರಲಿಲ್ಲ. ಮೂರು ಓಣಿ ಮುಚ್ಚು ಎಂದಿದ್ದರು, ಮೂರು ಓಣಿ ಮುಚ್ಚಿತ್ತು. ಎಣ್ಣೆ ಹಾಕಿದ ಬಾಗಿಲುಗಳು ಒಂದಿಷ್ಟೂ ತಡೆಯದೆ ಕೂತಿದ್ದವು.

ಗೋಡೆಯ ಮೇಲಿನ ಸಾರಜನಕದ ತೊಟ್ಟಿಯ ಮುಳ್ಳು ಇಳಿಯುತ್ತಿರುವುದನ್ನು ಮೊದಲು ಕಂಡವನು ವಿರೂಪಾಕ್ಷಯ್ಯ.

“ಯಾರು? ಯಾರು ಮುಚ್ಚಿದವರು?”

ಹುಲಿಗೆಮ್ಮ ಅವನತ್ತ ತಿರುಗಿದಳು. ಮುಳ್ಳನ್ನು ನೋಡಿದಳು. ಪರದೆಯಲ್ಲಿ ತಾನು ಬರೆದ ನಾಲ್ಕು ಸಾಲುಗಳನ್ನು ನೋಡಿದಳು.

“ನಾ ಕೇಳಿದ್ದು ಅಷ್ಟರೀ,” ಎಂದಳು. “ಎಷ್ಟ ಮಂದಿ ಅದಾರ ಅಂತ ಕೇಳಿದ್ನಿ.”

ಯಾರಿಗೂ ಅರ್ಥವಾಗಲಿಲ್ಲ. ಅವಳು ಕೀಲಿಮಣೆಯ ಮೇಲೆ ಬಿದ್ದು ‘ತೆ’ ಎಂದು ಬರೆದಳು, ನೇಕಾರ ಎಂದು ಬರೆದಳು, ಎಂಟರ್ ಒತ್ತಿದಳು. ಆಗ ಮೂಗಪ್ಪ ಮೊದಲ ಸಲ ಅವಳೊಂದಿಗೆ ಮಾತಾಡಿತು.

‘ಅನುಮತಿ ಇಲ್ಲ.’

ಸಾರಜನಕ ತುಂಬಿದ ಓಣಿಯನ್ನು ತೆರೆಯುವ ಅಧಿಕಾರ ಮುಖ್ಯಸ್ಥನೊಬ್ಬನಿಗೇ. ವಿರೂಪಾಕ್ಷಯ್ಯ ಅವಳನ್ನು ಸರಿಸಿ ಕೂತ, ತನ್ನ ಗುಪ್ತಪದ ಹಾಕಿದ, ‘ತೆ’ ಬರೆದ, ಓಣಿಯ ಹೆಸರು ಬರೆದ. ಎಂಟರ್ ಮೇಲೆ ಬೆರಳಿಟ್ಟವನು ಅಲ್ಲಿಯೇ ನಿಂತ. ಆ ಮೂರು ಓಣಿಗಳ ಬಾಗಿಲು ತೆರೆಯುವುದು ದೊಡ್ಡ ಬೀದಿಗೆ. ಅದು ಸಂತೆಯ ಹೊತ್ತು, ಬೀದಿ ತುಂಬ ಜನ. ಮೂರು ಓಣಿಗಳ ಸಾರಜನಕ ಒಮ್ಮೆಲೇ ಅಲ್ಲಿಗೆ ನುಗ್ಗಿದರೆ ಅವರ ಗತಿ ಏನು? ಏನೂ ಆಗದೆಯೂ ಇರಬಹುದು, ಬೀದಿ ಅಗಲವಾಗಿತ್ತು. ಅವನಿಗೆ ಗೊತ್ತಿರಲಿಲ್ಲ. ಅವನು ಸುತ್ತಲಿದ್ದವರನ್ನು ನೋಡಿದ.

“ತೆಗೀಲೇನು?” ಎಂದು ಕೇಳಿದ.

ಮೂಡಲದವರು ತಮ್ಮ ತಮ್ಮ ಪರದೆಯ ಕಡೆ ತಿರುಗಿಕೊಂಡರು.

“ಹೂಂ ಅನ್ರಿ ಯಾರರ. ತೆಗೀಲೇನು?”

“ತಗೀರಿ!” ಹುಲಿಗೆಮ್ಮ ಚೀರಿದಳು. “ನಿಮ್ಮ ಕಾಲಿಗೆ ಬೀಳ್ತೀನಿ, ತಗೀರಿ! ನನ ಮಗಳು ಅದಾಳ್ರಿ ಒಳಗ, ತುಂಬಿದ ಬಸರಿ ಅದಾಳ್ರಿ! ಹೂಂ! ಹೂಂ ಅಂದ್ನಲ್ರಿ!”

ಅವಳ ಹೂಂ ಲೆಕ್ಕಕ್ಕೆ ಬರುವುದಾಗಿರಲಿಲ್ಲ. ವಿರೂಪಾಕ್ಷಯ್ಯ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಓಣಿಗಳು ಪೂರ್ತಿ ತುಂಬಿ ಮುಳ್ಳು ಇಳಿಯುವುದು ನಿಂತಿತು. ಆಮೇಲೆ ತೆರೆದರೂ ಒಂದೇ, ತೆರೆಯದಿದ್ದರೂ ಒಂದೇ.

ಹುಲಿಗೆಮ್ಮ ಮನೆಯ ಕಡೆ ಓಡಿದಳು. ಅವಳಲ್ಲಿ ಇನ್ನೂ ಒಂದು ಆಸೆ ಇತ್ತು, ಅದನ್ನು ಗಟ್ಟಿಯಾಗಿ ಹಿಡಿದುಕೊಂಡೇ ಓಡಿದಳು. ಗಂಡ ಬೆಳಿಗ್ಗೆಯೇ ಹೋಗಿದ್ದಾನೆ. ಇಷ್ಟು ಹೊತ್ತಿಗೆ ಕರೆತಂದಿರಬೇಕು. ಓಣಿಯಲ್ಲಿ ಒಂದು ತಲೆ ಕಡಿಮೆ ಇದ್ದಿರಬೇಕು. ಉಳಿದವರ ತಲೆಗಳ ಪಾಪ ಆಮೇಲೆ ಹೊತ್ತರಾಯಿತು, ಜನ್ಮವಿಡೀ ಹೊತ್ತರಾಯಿತು. ಆ ಒಂದು ತಲೆ ಕಡಿಮೆ ಇದ್ದರೆ ಸಾಕು, ದೇವರೇ.

ಮನೆಯ ಮುಂದೆ ಕೈಗಾಡಿ ನಿಂತಿತ್ತು. ಅದನ್ನು ಕಂಡು ಅವಳು ಸಂತೋಷಕ್ಕೆ ನಿಂತಲ್ಲೇ ಕೈ ಮುಗಿದಳು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

“ಬಂದೇನು?” ದುರುಗಪ್ಪ ಒಲೆಯ ಮುಂದಿನಿಂದ ತಿರುಗಿ ನೋಡಿದ. “ಇಷ್ಟ ಲಗೂನ ಬಿಟ್ರೇನು ಇವತ್ತ?”

“ಶಿವಲೀಲಾ?”

“ಎಲ್ಲಿ ಶಿವಲೀಲಾ! ಆ ನಿನ್ನ ಬೀಗತಿ ಪಂಚಾಂಗ ಹಿಡಕೊಂಡ ಬಾಗಲಾಗ ಕುಂತಿದ್ದಳು. ಇವತ್ತ ಅಮಾಸಿ ಅಂತ, ಬಸರಿ ಹೆಣ್ಣನ್ನ ಹೊಸ್ತಿಲು ದಾಟಸಂಗಿಲ್ಲಂತ. ಚಂದ್ರನ್ನ ಕಂಡು ಎಷ್ಟ ವರ್ಷ ಆತು, ಇವರಿಗೆ ಇನ್ನೂ ಅಮಾಸಿ ಬೇಕು.” ಅವನು ನಕ್ಕ. “ಶಿವಲೀಲಾ ಗಾಡಿ ಏರಿ ಕುಂತಿದ್ದಳು ಮತ್ತ. ಅವ್ವ ದಾರಿ ನೋಡತಾಳ ಅಂದಳು. ನಾನ ಇಳಿಸಿ ಬಂದೆ. ಇರಲಿ ಬಿಡವಾ, ಒಂದ ದಿನದ ಮಾತು, ನಾಳಿಗೆ ಬರ್ತೀನಿ ಅಂದೆ. ಯಾಕ? ಯಾಕ ಹಂಗ ನೋಡ್ತಿ?”

ಅವಳು ಹೇಳಿದಳು. ಒಂದೇ ಸಲ ಹೇಳಿದಳು. ಅವನು ಎರಡನೆಯ ಸಲ ಕೇಳಲಿಲ್ಲ. ಒಲೆಯ ಮೇಲಿನದು ಸೀದು ಹೋಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು. ಅಂದಿನಿಂದ ದುರುಗಪ್ಪ ಹೆಂಡತಿಯೊಂದಿಗೆ ಮಾತಾಡುವುದನ್ನು ಬಿಟ್ಟ. ಬಡಿಸಿದರೆ ತಿನ್ನುತ್ತಿದ್ದ, ಬಡಿಸದಿದ್ದರೆ ಎದ್ದು ಹೋಗುತ್ತಿದ್ದ.

ವಿಚಾರಣೆ ನಡೆಯಿತು. ಯಂತ್ರದ ತಪ್ಪಿಲ್ಲ, ಅದು ಕೊಟ್ಟ ಆಜ್ಞೆಯನ್ನು ಪಾಲಿಸಿದೆ ಎಂದು ತೀರ್ಪಾಯಿತು. ಮುಖ್ಯಸ್ಥನ ತಪ್ಪಿಲ್ಲ, ಅವನು ಸಂತೆಯ ಜನರನ್ನು ಉಳಿಸಿದ್ದಾನೆ, ತರಬೇತಿಯಲ್ಲಿ ಎಲ್ಲವನ್ನೂ ಹೇಳಿದ್ದಾನೆ ಎಂದಾಯಿತು. ಹುಲಿಗೆಮ್ಮನ ತಪ್ಪು ಇದೆ. ಆದರೆ ಗಾಳಿಯ ಕೆಲಸ ಬಲ್ಲ ಕೈಗಳು ಮೊದಲೇ ಕಡಿಮೆ, ಇಷ್ಟು ದೊಡ್ಡ ಪೆಟ್ಟು ತಿಂದ ಕೈ ಇನ್ನು ಮೇಲೆ ಎಲ್ಲರಿಗಿಂತ ಎಚ್ಚರವಾಗಿರುತ್ತದೆ, ಆದ್ದರಿಂದ ಕೆಲಸದಲ್ಲಿ ಮುಂದುವರಿಸಬೇಕು ಎಂದು ಪಂಚರು ಹೇಳಿದರು. ಅವಳು ಶಿಕ್ಷೆ ಕೊಡಿ ಎಂದು ಅತ್ತಳು. ಕೊಡಲಿಲ್ಲ. ಇದೇ ಶಿಕ್ಷೆ ಎಂದು ಅವರಲ್ಲಿ ಒಬ್ಬನಿಗಾದರೂ ಹೊಳೆದಿತ್ತೋ ಏನೋ.

ವಿರೂಪಾಕ್ಷಯ್ಯ ಆ ಒಂದು ಸಾಲು ಬರೆದ. ಚಹಾ ತರಿಸಿಕೊಂಡು ಕೂತವನು, ಅದು ಆರುವುದರೊಳಗೆ ಬರೆದು ಮುಗಿಸಿದ. ಅಂದಿನಿಂದ ಮೂಗಪ್ಪನೂ ಮುಚ್ಚುವ ಮೊದಲು ತಲೆ ಎಣಿಸಿ ಕೇಳತೊಡಗಿತು.

ಹುಲಿಗೆಮ್ಮ ಕೆಲಸಕ್ಕೆ ಬಂದಳು. ದಿನಾ ಕೂತ ಕೂಡಲೇ ‘ಮು’ ಎಂದು ಬರೆದು ನೇಕಾರ ಎಂದು ಹಾಕುವಳು. ‘ಈ ಓಣಿಯಲ್ಲಿ ಯಾರೂ ಇಲ್ಲ. ಮುಚ್ಚಲೇ?’ ಎಂದು ಯಂತ್ರ ಕೇಳುವುದು. ಅವಳು ಆ ಸಾಲನ್ನು ಬಹಳ ಹೊತ್ತು ನೋಡಿ ‘ಬ’ ಒತ್ತುವಳು. ಚಹಾ ಕುಡಿಯುವುದನ್ನು ಬಿಟ್ಟಿದ್ದಳು. ಜೊತೆಯವರು ಮೊದಮೊದಲು ಮರುಗಿದರು, ಆಮೇಲೆ ಅವಳಿಗೆ ತಲೆ ಕೆಟ್ಟಿದೆ ಎಂದರು, ಆಮೇಲೆ ನೋಡುವುದನ್ನೇ ಬಿಟ್ಟರು.

ಗಾಳಿಯಾಡುವ ಓಣಿಗಳನ್ನು ಖಾಲಿ ಇಡುವ ಕಾಲ ಅದಲ್ಲ. ಮೂರೂ ಓಣಿಗಳನ್ನು ತೊಳೆದು, ಸುಣ್ಣ ಬಳಿದು ಹೊಸದಾಗಿ ಹಂಚಿದರು. ಸಂತೆಯ ಜನರನ್ನು ಉಳಿಸಿದ ಉಪಕಾರಕ್ಕೆ ನೇಕಾರ ಓಣಿಯ ಒಳ್ಳೆಯ ಮನೆಯೊಂದು ವಿರೂಪಾಕ್ಷಯ್ಯನಿಗೆ ಸಿಕ್ಕಿತು. ಗೋಡೆಯಲ್ಲಿ ತೊಟ್ಟಿಲಿಗೆಂದು ಹೊಡೆದ ಕೊಂಡಿ ಹಾಗೆಯೇ ಇದ್ದ ಮನೆ. ಅವನ ಹೆಂಡತಿ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಅಲ್ಲಿಗೆ ಹೋದರು.

ಕೆಲವು ದಿನಗಳಾದ ಮೇಲೆ ವಿರೂಪಾಕ್ಷಯ್ಯ ಹುಲಿಗೆಮ್ಮನ ಕುರ್ಚಿಯ ಹಿಂದೆ ಬಂದು ನಿಂತ. ಅವನ ಮನಸ್ಸಿನಲ್ಲೂ ಅಳುಕಿತ್ತೇನೋ, ಒಂದು ಒಳ್ಳೆಯ ಮಾತಾಡಬೇಕೆನಿಸಿರಬೇಕು.

“ಹ್ಯಾಂಗ ನಡದೇತ್ರಿ ಹುಲಿಗೆಮ್ಮಾರ? ಈಗರ ಯಂತ್ರ ಸರಿಯಾಗಿ ಕೇಳತೈತಿಲ್ಲೋ ನಿಮ್ಮನ್ನ?”

“ಕೇಳತೈತ್ರಿ ಸರ,” ಎಂದಳು ಹುಲಿಗೆಮ್ಮ, ಪರದೆಯಿಂದ ಕಣ್ಣು ತೆಗೆಯದೆ. “ನಿಮ್ಮ ಓಣಿದು ನಾ ದಿನಾ ಕೇಳಸ್ತೀನ್ರಿ. ಎಷ್ಟ ಮಂದಿ ಅದಾರ ಅಂತ ಎಣಿಸಿ, ಮುಚ್ಚಲೇನು ಅಂತ ಕೇಳತೈತಿ.”

ವಿರೂಪಾಕ್ಷಯ್ಯ ನಗಲು ಹೋಗಿ ನಿಲ್ಲಿಸಿದ. ಪರದೆಯ ಮೇಲೆ ಆ ಪ್ರಶ್ನೆ ಆಗಲೇ ಬಂದು ಕೂತಿತ್ತು. ಅವನ ಮನೆಯವರನ್ನೂ ಸೇರಿಸಿ ಎಣಿಸಿತ್ತು.

“ನೀವೇನಂತೀರಿ ಅದಕ್ಕ?” ಎಂದ.

ಹುಲಿಗೆಮ್ಮ ಕೀಲಿಮಣೆಯ ಮೇಲೆ ಬೆರಳಿಟ್ಟಳು.

“ಇಲ್ಲೀತನಕ ಬ್ಯಾಡ ಅಂದೀನ್ರಿ.”